ಥರ್ಲ್ ನೆಬೆಕರ್‌ನ ಜೀಪಿನ ಪೆಟ್ಟಿಗೆ

ನಮ್ಮ ಕಣಿವೆಯಲ್ಲಿ ಈಗಲೂ ಓಡಾಡುವ ಹಳೇ ಜೀಪುಗಳ ಹಿಂದಿನ ಸೀಟನ್ನು ಎತ್ತಿ ನೋಡಿದರೆ ಅರ್ಧಕ್ಕರ್ಧ ಜೀಪುಗಳಲ್ಲಿ ಒಂದು ಹಸಿರು ಬಣ್ಣದ ಕಬ್ಬಿಣದ ಪೆಟ್ಟಿಗೆ ಕಾಣಿಸುತ್ತದೆ. ಮುಚ್ಚಳದ ಬಿಜಾಗರಿ ಹೊರಗೆ ಕಾಣುವುದಿಲ್ಲ, ಒಳಮೈಗೆ ಬೆಸೆದಿರುತ್ತದೆ. ಪೆಟ್ಟಿಗೆಯನ್ನು ಜೀಪಿನ ತಳಕ್ಕೆ ಹಿಡಿದಿರುವ ಬೋಲ್ಟುಗಳ ನಟ್ಟು ಪೆಟ್ಟಿಗೆಯ ಒಳಗೇ ಇರುತ್ತದೆ. ಜೀಪಿನ ಕೆಳಗೆ ಮಲಗಿ ನೋಡಿದರೆ ಪಾನಾಕ್ಕೆ ಸಿಗದ ನುಣುಪಾದ ಗುಂಡುತಲೆ ಮಾತ್ರ. ಮುಚ್ಚಳ ತೆರೆಯದೆ ಯಾರೂ ಅದನ್ನು ಕಿತ್ತುಕೊಂಡು ಹೋಗುವ ಹಾಗಿಲ್ಲ. ಒಳಗೆ ಕುದುರೆ ಜೀನಿನ ಹಳೇ ಕಂಬಳಿಯ ಹಾಸು, ಕಬ್ಬಿಣಕ್ಕೆ ಕಬ್ಬಿಣ ತಾಗಿ ಸದ್ದಾಗಬಾರದೆಂದು. ಇವನ್ನೆಲ್ಲ ಮಾಡಿದವನು ನನ್ನ ತಂಗಿ ನಿಯೋಲಾಳ ಗಂಡ ಥರ್ಲ್ ನೆಬೆಕರ್. ಅವನ ಕೊನೆಯ ದಿನಗಳನ್ನು ನಾನು ಆ ಮನೆಯಲ್ಲೇ ಇದ್ದು ನೋಡಿದೆ. ನೋಡಿದ್ದನ್ನು ಬರೆಯುತ್ತೇನೆ.

ಥರ್ಲ್ ದನ ಸಾಕುವವನು. ಬೇಸಿಗೆಯಲ್ಲಿ ಬೆಟ್ಟದ ಮೇಲಿನ ಹುಲ್ಲಿಗೆ ದನ ಹೊಡೆಯುವುದು, ಹಿಮ ಬಿದ್ದ ಮೇಲೆ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುವುದು. ಎತ್ತರದ ಸಣಕಲು ಆಳು. ಎಡಗಿವಿಯ ತುದಿಯನ್ನು ಚಳಿ ತಿಂದುಹಾಕಿತ್ತು. ಪ್ರಾಯದಲ್ಲಿ ಅವನೂ ಎಲ್ಲರಂತೆಯೇ ಇದ್ದ. ನಮ್ಮಲ್ಲಿ ಜೀಪಿಗೆ ಬಾಗಿಲಿರುವುದಿಲ್ಲ, ಮೇಲೆ ಟಾರ್ಪಾಲು, ಕೀಲಿಕೈ ಯಾವಾಗಲೂ ಜೀಪಿನಲ್ಲೇ ನೇತಾಡುತ್ತಿರುತ್ತದೆ. ನೆರೆಯವನಿಗೆ ದಾರಿ ಬೇಕಾದರೆ ಅವನೇ ಜೀಪು ಸರಿಸಿ ಹೋಗುತ್ತಾನೆ. ಬೆಟ್ಟದಲ್ಲಿ ಕರಡಿ ಇರುವುದರಿಂದ ಗಂಡಸರು ಎದೆಗೆ ಕೈಬಂದೂಕು ಕಟ್ಟಿಕೊಂಡು ಹೋಗುತ್ತಾರೆ. ಕೆಳಗಿಳಿದ ಮೇಲೆ ಬಿಚ್ಚಿ ಸೀಟಿನ ಮೇಲೆ ಹಾಕಿ, ಮೇಲೊಂದು ಕೋಟು ಮುಚ್ಚಿ, ಅಂಗಡಿಗೋ ಚರ್ಚಿಗೋ ಹೋಗುತ್ತಾರೆ. ಥರ್ಲ್ ಕೂಡ ಹಾಗೆಯೇ ಮಾಡುತ್ತಿದ್ದ. ಒಂದು ಶರತ್ಕಾಲ ಬೆಟ್ಟದ ಬುಡದಲ್ಲಿ ಜೀಪು ನಿಲ್ಲಿಸಿ, ಕೋಟಿನ ಕೆಳಗೆ ರಿವಾಲ್ವರ್ ಬಿಟ್ಟು, ದೊಡ್ಡ ಬಂದೂಕನ್ನು ಜೀನಿಗೆ ಕಟ್ಟಿ ಕುದುರೆ ಹತ್ತಿ ಹೋದ. ಇಳಿದು ಬಂದಾಗ ಕೋಟು ಇತ್ತು. ರಿವಾಲ್ವರ್ ಇರಲಿಲ್ಲ.

ಮುಂದಿನ ವಸಂತಕ್ಕೆ ನಮ್ಮ ಕಡೆಯ ಪೊಲೀಸ್ ಅಧಿಕಾರಿ, ಶೆರಿಫ್, ಮನೆಗೆ ಬಂದ. ರಾಜ್ಯದ ಗಡಿಯಾಚೆ, ಐಡಹೋದ ಒಂದು ಪೆಟ್ರೋಲ್ ಬಂಕಿನಲ್ಲಿ ಗಲ್ಲಾದ ಹಿಂದೆ ಕೂತಿದ್ದ ಹುಡುಗಿಯೊಬ್ಬಳನ್ನು ಯಾರೋ ಕೊಂದಿದ್ದರು. ಕೊಂದ ರಿವಾಲ್ವರ್ ಥರ್ಲ್‌ನದು. ಹುಡುಗಿಯ ಹೆಸರು ರೋಸಲಿ ಟಿಬೆಟ್ಸ್. ವಿಚಾರಣೆಯೆಲ್ಲ ಮುಗಿದ ಮೇಲೆ ಅದೇ ಶೆರಿಫ್ ರಿವಾಲ್ವರನ್ನು ಕಾಗದದ ಚೀಲದಲ್ಲಿ ಹಾಕಿಕೊಂಡು ಬಂದು ಮೇಜಿನ ಮೇಲಿಟ್ಟ.

"ನಿನ್ನದಪ್ಪ. ಸಹಿ ಹಾಕಿ ತಗೋ."

ಥರ್ಲ್ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡ. "ನನಗೆ ಬೇಡ. ಕರಗಿಸಿಬಿಡಿ."

"ತಪ್ಪು ನಿಂದಲ್ಲ ಥರ್ಲ್. ಕದ್ದವನದು."

"ಕದ್ದವನದೂ ಹೌದು," ಅಂದ ಥರ್ಲ್.

ಅವನೂ ನಿಯೋಲಾಳೂ ಆ ಹುಡುಗಿಯ ತಾಯಿಯ ಮನೆಗೆ ಹೋಗಿಬಂದರು. ತಾಯಿ ಬಾಗಿಲು ತೆರೆದಳಂತೆ, ಇಬ್ಬರಿಗೂ ನೀರು ಕೊಟ್ಟಳಂತೆ, ಅವರು ಕುಡಿದ ಮೇಲೆ ಲೋಟ ತೆಗೆದುಕೊಂಡು ಬಾಗಿಲು ಹಾಕಿಕೊಂಡಳಂತೆ. ಆ ಚಳಿಗಾಲ ಥರ್ಲ್ ಮೊದಲನೇ ಪೆಟ್ಟಿಗೆ ಮಾಡಿದ. ತನ್ನ ಜೀಪಿಗೆ. ಆಮೇಲೆ ನೆರೆಯವರದಕ್ಕೆ. ಕಬ್ಬಿಣದ ದುಡ್ಡು ಬಿಟ್ಟು ಕೂಲಿ ತೆಗೆದುಕೊಳ್ಳುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಬೀಗ ಹಾಕಿ, ಎರಡು ಕೈಯಲ್ಲೂ ಜಗ್ಗಿ, ಬೂಟಿನ ಮೂತಿಯಿಂದ ಒಂದು ಒದ್ದು, "ಕೂತಿದೆ" ಅನ್ನುತ್ತಿದ್ದ. ಅದೇ ಅವನ ಮುದ್ರೆ.

ಪೆಟ್ಟಿಗೆಗೆ ಬಂದವರು ಕೈಬಂದೂಕಿನ ವಿಷಯವನ್ನೂ ಅವನನ್ನೇ ಕೇಳುತ್ತಿದ್ದರು. ಕರಡಿಗೆ ಯಾವ ಅಳತೆಯ ಗುಂಡು, ಹೆಂಡತಿಗೆ ಯಾವುದು, ಹೀಗೆ. ಅದಕ್ಕೂ ಅವನದೊಂದು ಕ್ರಮವಿತ್ತು. ಮೊದಲ ಪ್ರಶ್ನೆ ಯಾವಾಗಲೂ "ಎಲ್ಲಿ ಇಡ್ತೀಯ?" ಪೆಟ್ಟಿಗೆ ಇಲ್ಲ ಅಂದರೆ ಮಾತು ಅಲ್ಲಿಗೇ ನಿಲ್ಲಿಸುತ್ತಿದ್ದ. ಇದೆ ಅಂದರೆ ತಾನು ಆಮೇಲೆ ಕೊಂಡ ರಿವಾಲ್ವರ್ ಹೊರತೆಗೆದು, ನಳಿಗೆಯನ್ನು ನೆಲಕ್ಕೆ ತಿರುಗಿಸಿ, ತೋಟಾ ಕೂರುವ ಉರುಳೆ ಬಿಚ್ಚಿ ತೋಟಾಗಳನ್ನು ಅಂಗೈಗೆ ಸುರಿದುಕೊಂಡು, ಜೀಪಿನ ಬಾನೆಟ್ ಮೇಲೆ ಒಂದೊಂದಾಗಿ ನಿಲ್ಲಿಸುತ್ತಿದ್ದ. ನಳಿಗೆಯನ್ನು ಆಕಾಶಕ್ಕೆ ಹಿಡಿದು ಒಳಗೆ ಬೆಳಕು ಕಾಣುತ್ತದೆಯೇ ಎಂದು ನೋಡುತ್ತಿದ್ದ. ಆಮೇಲೆ ಹಿಡಿಯನ್ನು ಮುಂದೆ ಮಾಡಿ ಕೊಡುತ್ತಿದ್ದ. ಇಷ್ಟಾಗದೆ ಬಾಯಿ ಬಿಡುತ್ತಿರಲಿಲ್ಲ. ಬಾಯಿ ಬಿಟ್ಟರೆ "ಕೈ ತೋರ್ಸು" ಅನ್ನುತ್ತಿದ್ದ.

ನೆರೆಯ ವರ್ಲ್ ಹೇಡರ್ಲಿ ಒಮ್ಮೆ ಅವನ ಮಾತು ಕೇಳದೆ ಇರುವುದರಲ್ಲೇ ಅತಿ ದೊಡ್ಡದನ್ನು ಕೊಂಡು ತಂದ. ಶೆಡ್ಡಿನ ಹಿಂದೆ ಹಾರಿಸಿ ನೋಡುವಾಗ ಅದು ಹಿಂದಕ್ಕೆ ನೆಗೆದು ಅವನ ಹಣೆಗೇ ಬಡಿಯಿತು. ರಕ್ತ ಒರೆಸಿಕೊಳ್ಳುತ್ತಾ ಒಳಗೆ ಬಂದ.

"ಕರಡಿ ಎಲ್ಲಿದೆ ವರ್ಲ್?" ಎಂದು ಕೇಳಿದ ಥರ್ಲ್. "ಗುಂಡು ಮುಂದಕ್ಕೆ ಹೋಯ್ತೋ, ಹಿಂದಕ್ಕೆ ಬಂತೋ?"

"ನೀನು ಯಾವ್ದು ಕೊಡಿಸ್ತಿದ್ದೆ ಹೇಳಪ್ಪ ಮೇಷ್ಟ್ರೇ."

"ಮೊದಲು ಖಾರ ಎರಚೋ ಡಬ್ಬಿ. ಕರಡಿ ಮೂತಿಗೆ ಅದು ಸಾಕು ಎಷ್ಟೋ ಸಲ. ಅದು ಆಗ್ಲಿಲ್ಲ ಅಂದ್ರೆ ನಲವತ್ತನಾಲ್ಕರ ಅಳತೇದು, ನಿನ್ನ ತೋಳಿಗೆ ಅದು ಆಗುತ್ತೆ. ಇದು ಬಂದೂಕಲ್ಲ, ಫಿರಂಗಿ. ಎತ್ತಿನ ಗಾಡಿ ಮಾಡ್ಕೋ ಎಳ್ಕೊಂಡು ಹೋಗೋಕೆ."

ಅಂದಿನಿಂದ ಕಣಿವೆಗೆಲ್ಲ ಅವನು ಫಿರಂಗಿ ವರ್ಲ್. ನಮ್ಮ ಚರ್ಚಿನಲ್ಲಿ ಊರವರಲ್ಲೇ ಒಬ್ಬರು ಸರದಿಯಂತೆ ಬಿಷಪ್ ಆಗುತ್ತಾರೆ; ಅವನು ಬಿಷಪ್ ಆದ ಮೇಲೂ ಹೆಸರು ಹೋಗಲಿಲ್ಲ.

ನಿಯೋಲಾಳ ಬೆರಳ ಗಂಟುಗಳು ನಲವತ್ತು ದಾಟುವಾಗಲೇ ಊದಿಕೊಳ್ಳತೊಡಗಿದ್ದವು. ಥರ್ಲ್ ಅವಳ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು ಒಂದೊಂದು ಗಂಟನ್ನೂ ಒತ್ತಿ ನೋಡಿ, ಅಂಕಿ ದೊಡ್ಡದಾದರೂ ನಲವತ್ತನಾಲ್ಕಕ್ಕಿಂತ ಸಣ್ಣ ಗುಂಡಿನ ಮುನ್ನೂರೈವತ್ತೇಳರ ರಿವಾಲ್ವರ್ ಆರಿಸಿದ. ಅದರೊಳಗೆ ಅದಕ್ಕಿಂತ ಮೆತ್ತಗಿನ ಮೂವತ್ತೆಂಟರ ತೋಟಾ ಕೂಡ ಕೂರುತ್ತದೆ. "ನೋವಾಗೋ ಕೈ ಹೆದರ್ಕೊಳ್ಳುತ್ತೆ, ಹೆದರಿದ ಕೈ ಗುರಿ ತಪ್ಪುತ್ತೆ. ನಿಂಗೆ ಮೂವತ್ತೆಂಟೇ ಸಾಕು, ಗುಂಡಿನ ಮೂತಿ ಗಟ್ಟಿ ಇರೋದು," ಅಂದ. ವಯಸ್ಸಾದಂತೆ ತನ್ನ ನಲವತ್ತನಾಲ್ಕನ್ನು ಮಾರಿ ಅವನೂ ಅದನ್ನೇ ಕಟ್ಟಿಕೊಂಡು ಬೆಟ್ಟ ಹತ್ತತೊಡಗಿದ. ಮನೆಗೆ ಒಂದೇ ಕೈಬಂದೂಕು ಉಳಿಯಿತು.

ಮರೆವು ಬಂದದ್ದು ಹೇಗೆಂದು ಯಾರಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಗೇಟು ಮರೆತ, ಕುದುರೆಯ ಹೆಸರು ಮರೆತ, ಪ್ರಾರ್ಥನೆಯ ಮಧ್ಯದಲ್ಲಿ ನಿಂತುಬಿಟ್ಟ. ಒಂದು ದಿನ ನಿಯೋಲಾ ಊಟಕ್ಕೆ ಕರೆದರೆ, "ನಿಮ್ಮ ಮನೆಯವರು ಬೈಯಲ್ವಾ ನಾನು ಇಲ್ಲಿ ಉಂಡ್ರೆ?" ಎಂದು ಕೇಳಿದ. ಆವತ್ತು ಅವಳು ನನಗೆ ಫೋನು ಮಾಡಿದಳು. ನನ್ನ ಯಜಮಾನರು ಹೋಗಿ ವರ್ಷಗಳಾಗಿದ್ದವು, ಮನೆಯಲ್ಲಿ ನನಗೆ ಕಾಯುವವರಿರಲಿಲ್ಲ. ಬಟ್ಟೆ ಕಟ್ಟಿಕೊಂಡು ಹೋದೆ.

ಐಡಹೋ ಫಾಲ್ಸ್ ಪಟ್ಟಣದ ಡಾಕ್ಟರು ಮೆತ್ತಗೆ ಹೇಳಿದರು: "ಮನೇಲಿ ಬಂದೂಕು ಇದ್ರೆ ಬೇರೆಯವರಿಗೆ ಕೊಟ್ಬಿಡಿ. ಅವರು ನಿಮ್ಮನ್ನ ಯಾರೋ ಅಂದ್ಕೊಳ್ಳೋ ದಿನ ಬರುತ್ತೆ." ಆಮೇಲೆ ಇಂಥವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಮನೆಯೊಂದರ ಹೆಸರು ಹೇಳಿದರು. ನಿಯೋಲಾ ದಾರಿಯುದ್ದಕ್ಕೂ ಅತ್ತಳು. ಅವಳಿಗೆ ಬೇಕಾದದ್ದು ಇಷ್ಟೇ: ಥರ್ಲ್ ತನ್ನ ಮನೆಯಲ್ಲೇ, ತನ್ನ ಜೀಪು ಕಣ್ಣಿಗೆ ಕಾಣುವ ಹಾಗೆ ಸಾಯಬೇಕು, ಅವನ ಕೈಯಿಂದ ಯಾರೂ ಸಾಯಬಾರದು. ಎರಡೂ ಒಟ್ಟಿಗೆ ಆಗುತ್ತದೋ ಇಲ್ಲವೋ ಎನ್ನುವುದೇ ಆ ಮನೆಯಲ್ಲಿ ನಮ್ಮ ಬದುಕಾಯಿತು.

ಡಾಕ್ಟರು ಹೇಳಿದ ಹಾಗೆ ಮಾಡಿದೆವು. ರಿವಾಲ್ವರನ್ನೂ ದೊಡ್ಡ ಬಂದೂಕನ್ನೂ ವರ್ಲ್‌ನ ಮನೆಗೆ ಸಾಗಿಸಿದೆವು. ನಮ್ಮಲ್ಲಿ ಇದು ಹೊಸದೇನಲ್ಲ. ಯಾರ ಮನೆಯಲ್ಲಾದರೂ ಕಷ್ಟ ಬಂದರೆ ನೆರೆಯವನು ಬಂದು ಬಂದೂಕುಗಳನ್ನು ಒಯ್ದಿಟ್ಟುಕೊಳ್ಳುತ್ತಾನೆ, ಯಾಕೆ ಏನು ಎಂದು ಕೇಳುವುದಿಲ್ಲ. ಆದರೆ ಪೆಟ್ಟಿಗೆಯ ಕೀಲಿಕೈ ಥರ್ಲ್‌ನ ಕೊರಳಲ್ಲೇ ಇತ್ತು. ಬೆಳಿಗ್ಗೆ ಎದ್ದವನು ಜೀಪಿಗೆ ಹೋಗಿ ಪೆಟ್ಟಿಗೆ ತೆರೆದ. ಖಾಲಿ.

ನಾವು ಅಡುಗೆಮನೆಯಲ್ಲಿ ಹಿಟ್ಟು ಕಲಸುತ್ತಿದ್ದೆವು. ಅವನು ಹೋದದ್ದು ಗೊತ್ತಾಗಲಿಲ್ಲ. ಹೆದ್ದಾರಿಯ ಸೇತುವೆಯ ಹತ್ತಿರ ಕರಗುವ ಹಿಮದಲ್ಲಿ ಒಂದೇ ಬೂಟು ಹಾಕಿಕೊಂಡು ಐಡಹೋ ಇರುವ ಪಶ್ಚಿಮಕ್ಕೆ ನಡೆಯುತ್ತಿದ್ದವನನ್ನು ವರ್ಲ್ ಕಂಡು ಕರೆತಂದ. ಕಾಲು ನೀಲಿಯಾಗಿತ್ತು.

"ಬಿಡು ವರ್ಲ್, ಬಿಡು ನನ್ನ," ಎನ್ನುತ್ತಿದ್ದ. "ಜೀಪಿಂದ ತಗೊಂಡೋಗಿದಾರೆ. ಆ ಹುಡುಗೀಗೆ ಹೇಳ್ಬೇಕು. ಗಲ್ಲಾ ಬಿಟ್ಟು ಆಚೆ ಬಾ ಅಂತ ಹೇಳ್ಬೇಕು. ಇನ್ನೂ ಹೊತ್ತಿದೆ."

ನಿಯೋಲಾ ಅವನ ಕಾಲನ್ನು ಬೆಚ್ಚಗಿನ ನೀರಿನಲ್ಲಿಟ್ಟು ಉಜ್ಜುತ್ತಾ ಕೂತಳು. ಅವಳ ಹೆಸರು ಎರಡು ತಿಂಗಳಿಂದ ಅವನ ಬಾಯಿಗೆ ಬಂದಿರಲಿಲ್ಲ. ರೋಸಲಿಯ ಹೆಸರು ಬಂತು, ವಿಚಾರಣೆಯಲ್ಲಿ ಕೇಳಿದ್ದ ಅವಳ ಆವತ್ತಿನ ಸ್ವೆಟರಿನ ಬಣ್ಣ ಕೂಡ ಬಂತು. ಮರುದಿನ ಮತ್ತೆ ಪೆಟ್ಟಿಗೆ ತೆರೆದ, ಮತ್ತೆ ಖಾಲಿ, ಮತ್ತೆ ಹೊರಟ. ಅದರ ಮರುದಿನವೂ. ಕಳ್ಳತನ ಅವನಿಗೆ ದಿನವೂ ಹೊಸದಾಗಿ ಆಗುತ್ತಿತ್ತು. ವರ್ಲ್ ಮತ್ತು ಚರ್ಚಿನ ಇನ್ನೊಬ್ಬರು ಬಂದು, ವಾಸಿಯಾಗಲೆಂದು ಅವನ ತಲೆಗೆ ಎಣ್ಣೆ ಹಚ್ಚಿ ಕೈಯಿಟ್ಟು ಪ್ರಾರ್ಥಿಸಿದರು. ಥರ್ಲ್ ಭಕ್ತಿಯಿಂದ ಕಣ್ಣು ಮುಚ್ಚಿಕೊಂಡಿದ್ದ. ಪ್ರಾರ್ಥನೆ ಮುಗಿದದ್ದೇ ಎದ್ದು ಜೀಪಿನ ಕಡೆ ನಡೆದ.

"ರಿವಾಲ್ವರ್ ವಾಪಸ್ ತಂದಿಡು," ಎಂದಳು ನಿಯೋಲಾ ವರ್ಲ್‌ಗೆ. "ಹೀಗೆ ನಡೆದು ನಡೆದೇ ಸತ್ತೋಗ್ತಾನೆ."

ತಂದಿಡಲು ಇನ್ನೊಂದು ಕಾರಣವೂ ಇತ್ತು. ಹಿಮ ಕರಗಿ ದನ ಬೆಟ್ಟಕ್ಕೆ ಹೋಗುವ ಕಾಲ ಬಂದಿತ್ತು. ಒಂದು ಮಗು ಚಿಕ್ಕಂದಿನಲ್ಲೇ ತೀರಿಕೊಂಡಿತ್ತು, ಉಳಿದ ಮಕ್ಕಳು ದೂರದ ಊರುಗಳಲ್ಲಿದ್ದರು, ಆಳು ಸಿಗಲಿಲ್ಲ. ಥರ್ಲ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಯೋಲಾಳೇ ಜೀಪು ಓಡಿಸಿಕೊಂಡು ಮೇಲೆ ಹೋಗಬೇಕು. ಹಿಂದಿನ ವರ್ಷ ಅದೇ ತೊರೆಯ ದಂಡೆಯಲ್ಲಿ ಕರಡಿ ಒಬ್ಬ ಕುರುಬನ ತೋಳು ಹರಿದಿತ್ತು. ಬರಿಗೈಯಲ್ಲಿ ಹೋಗುವ ಜಾಗವಲ್ಲ ಅದು. ಹಾಗಾಗಿ ಥರ್ಲ್ ನಿದ್ದೆಯಲ್ಲಿದ್ದಾಗ ಕೊರಳ ಕೀಲಿಕೈ ತೆಗೆದು, ಪೆಟ್ಟಿಗೆಗೆ ಅಂಕಿ ಬೀಗ ಹಾಕಿದೆವು. ಮೂರು ಪುಟ್ಟ ಚಕ್ರ, ಮೂರು ಅಂಕಿ ಸರಿಯಾಗಿ ಕೂತರೆ ತೆರೆಯುತ್ತದೆ.

"ಯಾವ ಅಂಕಿ ಇಡ್ಲಿ ಅಕ್ಕ?" ಎಂದಳು ನಿಯೋಲಾ.

"ನಿಂಗೆ ನೆನಪಿರೋದು ಇಡು. ಕರಡಿ ಎದುರಿಗೆ ಬಂದು ನಿಂತಾಗ ಹುಡುಕ್ತಾ ಕೂರೋಕಾಗಲ್ಲ."

ಅವಳು ಆರು ಒಂದು ನಾಲ್ಕು ಇಟ್ಟಳು. ಅದು ನೆಬೆಕರ್ ಮನೆಯ ದನಗಳ ಮೇಲೆ ಹಾಕುವ ಬರೆಯ ಗುರುತು. ಕಣಿವೆಯಲ್ಲಿ ಎಲ್ಲರೂ ಮಾಡುವುದು ಅದೇ. ಗೇಟಿನ ಬೀಗ, ಶೆಡ್ಡಿನ ಬೀಗ, ಎಲ್ಲದಕ್ಕೂ ತಂತಮ್ಮ ದನದ ಗುರುತು. "ನಮ್ಮೂರಿನ ಕಳ್ಳನಿಗೆ ಓದು ಬೇಡ, ಹಸುವಿನ ತೊಡೆ ನೋಡಿದ್ರೆ ಸಾಕು," ಎಂದು ವರ್ಲ್ ವರ್ಷವೂ ನಗೆಯಾಡುತ್ತಿದ್ದ. ಆವತ್ತೂ ಆಡಿದ. ನಾವು ಮೂವರೂ ನಕ್ಕೆವು. ನಮ್ಮ ಯಾರ ತಲೆಗೂ ಬೇರೇನೂ ಹೊಳೆಯಲಿಲ್ಲ.

ಕೆಲವು ದಿನ ಚೆನ್ನಾಗಿ ನಡೆಯಿತು. ಬೆಳಿಗ್ಗೆ ಥರ್ಲ್ ಜೀಪಿನ ಹತ್ತಿರ ಹೋದರೆ ನಿಯೋಲಾ ಹಿಂದೆಯೇ ಹೋಗಿ ತಾನೇ ಪೆಟ್ಟಿಗೆ ತೆರೆದು ತೋರಿಸುತ್ತಿದ್ದಳು. "ನೋಡು, ಇದೆ." ಅವನು ತಲೆಯಾಡಿಸಿ ತಿಂಡಿಗೆ ಬರುತ್ತಿದ್ದ. ಡಬ್ಬಿಯ ಪೀಚ್ ಹಣ್ಣಿಗೆ ಕೆನೆ ಹಾಕಿಕೊಂಡು ತಿನ್ನುತ್ತಿದ್ದ. ಚಕ್ರ ತಿರುಗಿಸುವ ಅವಳ ಬೆರಳುಗಳನ್ನು ಅವನು ನೋಡುತ್ತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ನೋಡುವ ಅಗತ್ಯವೇ ಅವನಿಗಿರಲಿಲ್ಲ ಎಂದು ಆಮೇಲೆ ಅನ್ನಿಸಿತು.

ಜುಲೈನಲ್ಲಿ ಒಂದು ದಿನ ದನಗಳಿಗೆ ಉಪ್ಪಿನ ಗಡ್ಡೆ ಹಾಕಿಬರಲು ಮೂವರೂ ಮೇಲೆ ಹೋದೆವು. ಬೆಳಗಿನ ಬಿಸಿಲು, ಪೈನ್ ಮರದ ನೆರಳಿನಲ್ಲಿ ಅಲ್ಲಲ್ಲಿ ಹಿಮದ ತೇಪೆ. ಉಪ್ಪು ನೆಕ್ಕುವ ಜಾಗಕ್ಕೆ ಜೀಪು ಹೋಗುವುದಿಲ್ಲ, ತೊರೆ ದಾಟಬೇಕು. ನಿಯೋಲಾ ಖಾರದ ಡಬ್ಬಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ರಿವಾಲ್ವರನ್ನು ತೆಗೆಯಲಿಲ್ಲ; ಎದೆಗೆ ಕಟ್ಟುವ ಥರ್ಲ್‌ನ ಪಟ್ಟಿ ಅವಳಿಗೆ ಆಗುತ್ತಿರಲಿಲ್ಲ, ಎರಡು ಕೈಯಲ್ಲೂ ಉಪ್ಪು ಹೊರಬೇಕಿತ್ತು, ಜಾಗವೂ ಕೂಗಿದರೆ ಕೇಳಿಸುವಷ್ಟು ಹತ್ತಿರ. ಥರ್ಲ್ ಟೋಪಿ ಮುಖಕ್ಕೆಳೆದುಕೊಂಡು ತೂಕಡಿಸುತ್ತಿದ್ದ. ಜೀಪಿನ ಕೀಲಿಕೈ ಜೇಬಿಗೆ ಹಾಕಿಕೊಂಡು ನಾವು ಹೋದೆವು.

ಉಪ್ಪಿನ ಗಡ್ಡೆ ಇಟ್ಟು ವಾಪಸು ಬರುವಾಗ ಜೀಪಿನ ಹಿಂದಿನ ಸೀಟು ಎತ್ತಿ ನಿಲ್ಲಿಸಿರುವುದು ನನಗೆ ಮೊದಲು ಕಾಣಿಸಿತು. ಆಮೇಲೆ ಥರ್ಲ್ ಕಾಣಿಸಿದ. ಬಾನೆಟ್ಟಿನ ಪಕ್ಕ ನೆಟ್ಟಗೆ ನಿಂತಿದ್ದ. ಕೈಯಲ್ಲಿ ರಿವಾಲ್ವರ್.

"ಅಲ್ಲೇ ನಿಲ್ಲಿ," ಅಂದ.

ನಿಯೋಲಾ ನಿಲ್ಲಲಿಲ್ಲ. "ಥರ್ಲ್, ನಾನು ಕಣೋ. ಇಡು ಅದನ್ನ."

"ನನ್ನ ಹೆಸರು ಯಾರು ಹೇಳಿದ್ರು ನಿಂಗೆ?" ನಳಿಗೆ ಮೇಲೆದ್ದಿತು. "ಹೋದ್ಸಲಾನೂ ಹೀಗೇ ಬಂದ್ರಾ? ನಾನಿಲ್ದೆ ಇರೋ ಹೊತ್ತು ನೋಡ್ಕೊಂಡು? ಈ ಜೀಪಿಂದ ತಗೊಂಡೋಗಿ ಏನು ಮಾಡಿದ್ರಿ ಅಂತ ನಂಗೊತ್ತು. ಇಪ್ಪತ್ತು ತುಂಬಿರ್ಲಿಲ್ಲ ಅವಳಿಗೆ."

"ನಾನು ನಿನ್ನ ಹೆಂಡ್ತಿ."

"ನನ್ನ ಹೆಂಡ್ತಿ ಮನೇಲಿದಾಳೆ." ಹೆಬ್ಬೆರಳಿನಿಂದ ರಿವಾಲ್ವರಿನ ಹಿಂಬದಿಯ ಕುದುರೆಯನ್ನು ಹಿಂದಕ್ಕೆಳೆದು ಹೊಡೆಯಲು ಸಿದ್ಧ ಮಾಡಿದ. ಆ ಸದ್ದು ತೊರೆಯ ಸದ್ದಿಗಿಂತ ಸಣ್ಣದು. ನಮಗೆ ಅದೊಂದೇ ಕೇಳಿಸಿತು. "ಈ ಸಲ ಬಿಡಲ್ಲ. ಈ ಸಲ ಅವಳಿಗೆ ಏನೂ ಆಗೋಕೆ ಬಿಡಲ್ಲ."

ಅವನು ಅಳುತ್ತಿದ್ದ. ಕೈ ಮಾತ್ರ ಅಲುಗುತ್ತಿರಲಿಲ್ಲ. ಮೆತ್ತಗಿನ ತೋಟಾ, ಕೈಗೆ ಒಪ್ಪುವ ರಿವಾಲ್ವರ್, ಅವನೇ ಆರಿಸಿದ್ದು. ಆ ದೂರಕ್ಕೆ ಅವನ ಗುರಿ ತಪ್ಪುವುದಿಲ್ಲ ಎಂದು ನನಗೆ ಗೊತ್ತಿತ್ತು. ನಿಯೋಲಾ ಇನ್ನೊಂದು ಹೆಜ್ಜೆ ಇಟ್ಟರೆ ಮುಗಿಯಿತು. ಓಡಿದರೂ ಮುಗಿಯಿತು. ಅವಳ ತೋಳು ಹಿಡಿದುಕೊಂಡೆ. ಏನು ಹೇಳಬೇಕೆಂದು ಯೋಚಿಸಲು ಪುರುಸೊತ್ತಿರಲಿಲ್ಲ. ಆ ಜೀಪಿನ ಮುಂದೆ, ಆ ಬಾನೆಟ್ಟಿನ ಪಕ್ಕ ನಿಂತ ಅವನಿಗೆ ಜನ ಏನು ಹೇಳುವುದನ್ನು ನಾನು ಕೇಳಿದ್ದೆನೋ ಅದೇ ಬಾಯಿಗೆ ಬಂತು.

"ತಗೊಂಡೋಗೋಕೆ ಬಂದಿಲ್ಲಪ್ಪ," ಅಂದೆ. "ಕೇಳೋಕೆ ಬಂದ್ವಿ. ಕರಡಿ ಕಾಟ. ಒಂದು ಕೈಬಂದೂಕು ಬೇಕಾಗಿತ್ತು. ಯಾವ ಅಳತೇದು ತಗೋಬೇಕು ಅಂತ ತಿಳೀದು. ನಿಮ್ಮನ್ನ ಕೇಳಿ ಅಂದ್ರು."

"ಯಾರು ಅಂದ್ರು?"

"ವರ್ಲ್."

"ಯಾವ ವರ್ಲ್?"

"ಫಿರಂಗಿ ವರ್ಲ್."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಅವನ ಮೀಸೆಯ ಕೆಳಗೆ ಏನೋ ಸರಿದ ಹಾಗಾಯಿತು.

"ಅವನ ಹಣೆ ವಾಸಿ ಆಯ್ತಾ?"

"ಗಾಯದ ಗುರುತು ಇದೆ ಇನ್ನೂ."

"ಇರ್ಲಿ ಬಿಡಿ. ಕನ್ನಡಿ ನೋಡ್ಕೊಂಡಾಗೆಲ್ಲ ಬುದ್ಧಿ ಬರ್ಲಿ." ನಳಿಗೆ ಇನ್ನೂ ನಮ್ಮ ಕಡೆಯೇ ಇತ್ತು. "ಎಲ್ಲಿ ಇಡ್ತೀರ?"

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ನಿಯೋಲಾಳಿಗೆ ಆಯಿತು.

"ಜೀಪಲ್ಲಿ ಪೆಟ್ಟಿಗೆ ಇದೆ."

"ಎಂಥಾ ಪೆಟ್ಟಿಗೆ? ತಗಡಿಂದಾದ್ರೆ ಬೇಡ."

"ದಪ್ಪ ಕಬ್ಬಿಣದ್ದು. ಬಿಜಾಗರಿ ಒಳಗಿದೆ. ನಟ್ಟೂ ಒಳಗಿದೆ."

"ಯಾರು ಮಾಡಿದ್ದು?"

"ನನ್ನ ಗಂಡ."

"ಕೆಲಸ ಬಲ್ಲವನಾ?"

"ಹೂಂ," ಎಂದಳು. "ಅವನಷ್ಟು ಬಲ್ಲವರು ಯಾರೂ ಇಲ್ಲ."

ಥರ್ಲ್ ತಲೆಯಾಡಿಸಿದ. ನಳಿಗೆಯನ್ನು ನೆಲಕ್ಕೆ ತಿರುಗಿಸಿದ. ಕುದುರೆಯನ್ನು ಹೆಬ್ಬೆರಳಿನಲ್ಲಿ ಹಿಡಿದು ನಿಧಾನವಾಗಿ ಇಳಿಸಿದ. ಉರುಳೆ ಬಿಚ್ಚಿ ತೋಟಾಗಳನ್ನು ಅಂಗೈಗೆ ಸುರಿದುಕೊಂಡು ಬಾನೆಟ್ ಮೇಲೆ ಒಂದೊಂದಾಗಿ ನಿಲ್ಲಿಸತೊಡಗಿದ. ಒಂದು ಬಿತ್ತು, ಉರುಳಿತು. ಅದನ್ನು ಹಿಡಿದು ಮತ್ತೆ ನಿಲ್ಲಿಸಿದ. ನಳಿಗೆಯನ್ನು ಆಕಾಶಕ್ಕೆ ಹಿಡಿದು ನೋಡಿದ. ಹಿಡಿಯನ್ನು ಮುಂದೆ ಮಾಡಿ ನನಗೆ ಕೊಟ್ಟ. ತೆಗೆದುಕೊಂಡೆ. ಅದರ ಹಿಡಿ ಅವನ ಬೆವರಿನಿಂದ ಒದ್ದೆಯಾಗಿತ್ತು.

"ಯಾರು ಹೊಡೆಯೋದು?"

"ನನ್ನ ತಂಗಿ."

"ಕೈ ತೋರ್ಸಮ್ಮ."

ನಿಯೋಲಾ ಹತ್ತಿರ ಹೋಗಿ ಬಲಗೈ ಚಾಚಿದಳು. ಅವನು ಅದನ್ನು ತನ್ನ ಕೈಯಲ್ಲಿಟ್ಟುಕೊಂಡು ಒಂದೊಂದು ಗಂಟನ್ನೂ ಒತ್ತಿ ನೋಡಿದ. ಅವಳು ಅವನ ಮುಖ ನೋಡುತ್ತಿದ್ದಳು. ಆ ಮುಖದಲ್ಲಿ ಅವಳ ಗುರುತು ಮೂಡಲಿಲ್ಲ.

"ತುಂಬಾ ನೋವಿರ್ಬೇಕು ಈ ಕೈಗೆ," ಅಂದ. "ದೊಡ್ಡದು ಬೇಡ ನಿಂಗೆ. ನೋವಾಗೋ ಕೈ ಹೆದರ್ಕೊಳ್ಳುತ್ತೆ. ಮುನ್ನೂರೈವತ್ತೇಳರದ್ದು ತಗೊಂಡು ಒಳಗೆ ಮೂವತ್ತೆಂಟರ ತೋಟಾ ಹಾಕ್ಕೋ. ಮೂತಿ ಗಟ್ಟಿ ಇರೋದು."

"ಹಾಗೇ ಮಾಡ್ತೀನಿ," ಎಂದಳು ನಿಯೋಲಾ. ಎಡಗೈಯಿಂದ ಬಾನೆಟ್ಟಿನ ಮೇಲಿನ ತೋಟಾಗಳನ್ನು ಉಡಿಗೆ ಸರಿಸಿಕೊಂಡಳು. ಬಲಗೈ ಇನ್ನೂ ಅವನ ಕೈಯಲ್ಲಿತ್ತು.

ಕೆಳಗಿಳಿದು ಬರುವಾಗ ಅವಳೇ ಜೀಪು ಓಡಿಸಿದಳು. ಥರ್ಲ್ ದಾರಿಯುದ್ದಕ್ಕೂ ದನಗಳನ್ನು ಎಣಿಸುತ್ತಾ ಬಂದ. ರಿವಾಲ್ವರನ್ನು ನನ್ನ ಲಂಗದ ಮಡಿಕೆಯಲ್ಲಿ ಸುತ್ತಿಟ್ಟುಕೊಂಡಿದ್ದೆ. ಮನೆಗೆ ಬಂದು ಅವನನ್ನು ಮಲಗಿಸಿದ ಮೇಲೆ ವರ್ಲ್‌ನನ್ನು ಕರೆಸಿದೆವು. ಬೀಗದಲ್ಲಿ ಆರು ಒಂದು ನಾಲ್ಕು ಹಾಗೇ ಕೂತಿತ್ತು. ವರ್ಲ್ ಅದನ್ನು ನೋಡಿದ. ನೋಡಿ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಹಸುವಿನ ತೊಡೆ ನೋಡಿದ್ರೆ ಸಾಕು ಅಂತ ನಾನೇ ಹೇಳಿದ್ನಲ್ಲ ನಿಯೋಲಾ," ಅಂದ.

"ಮಕ್ಕಳ ಹೆಸರು ಮರೆತ," ಎಂದಳು ಅವಳು. "ಸತ್ತ ಮಗೂನ ಮರೆತ. ನನ್ನ ಮರೆತ. ಏಳು ವರ್ಷದವನಿದ್ದಾಗಿಂದ ಬರೆ ಹಾಕ್ತಿದ್ನಲ್ಲ, ಅದು ಎಲ್ಲಿಗೆ ಹೋಗುತ್ತೆ? ಅವನಿಂದ ಬಚ್ಚಿಡೋಕೆ ಅವನೊಳಗೇ ಇಟ್ಟೆ ನಾನು." ಮೇಜಿನ ಮೇಲೆ ತಲೆಯಿಟ್ಟಳು. "ಅಕ್ಕ, ಇನ್ನೆಷ್ಟು ಸಲ? ಡಾಕ್ಟರು ಹೇಳಿದ ಆ ಮನೆಗೆ ಅವನನ್ನ ಕಳಿಸ್ಬಿಡ್ಲಾ? ಇಲ್ಲಿದ್ರೆ ಕೊಲ್ತಾನೆ, ಖಾಲಿ ಪೆಟ್ಟಿಗೆ ಕಂಡ್ರೆ ಸಾಯ್ತಾನೆ. ನಂಗೆ ಗೊತ್ತಾಗ್ತಿಲ್ಲ. ಏನೂ ಗೊತ್ತಾಗ್ತಿಲ್ಲ."

ಕಳಿಸುವುದಾದರೆ ನಾಳೆಯೇ ಕಳಿಸಬೇಕು ಎನ್ನುವವರೆಗೂ ಮಾತು ಹೋಯಿತು. ಅವನ ಅಂಗಿಗಳನ್ನು ಮಡಚಲು ನಾನು ಎದ್ದೆ ಕೂಡ. ಮಡಚುತ್ತಾ ಇದ್ದಾಗ ಅನ್ನಿಸಿತು: ಅವನು ನಡೆದು ಹೋದದ್ದು ಪೆಟ್ಟಿಗೆ ತೆರೆದು ಖಾಲಿ ಕಂಡಾಗ. ತೆರೆಯಲಾಗದ ಪೆಟ್ಟಿಗೆಯನ್ನು ಅವನಿಗೆ ಯಾರೂ ತೋರಿಸಿ ನೋಡಿರಲಿಲ್ಲ.

ರಿವಾಲ್ವರ್ ಮತ್ತು ತೋಟಾಗಳನ್ನು ವರ್ಲ್ ಒಯ್ದ. ದನಗಳ ಉಸ್ತುವಾರಿಯನ್ನು ಅವನ ಮನೆಯವರೇ ವಹಿಸಿಕೊಂಡರು. ನಿಯೋಲಾ ಮತ್ತೆ ಬೆಟ್ಟ ಹತ್ತಲಿಲ್ಲ. ಪೆಟ್ಟಿಗೆಯೊಳಗೆ ಉಪ್ಪಿನ ಗಡ್ಡೆಯ ಒಂದು ತುಂಡನ್ನು ಕಂಬಳಿಯಲ್ಲಿ ಸುತ್ತಿಟ್ಟೆವು, ಅಲುಗಿಸಿದರೆ ಒಳಗೆ ಭಾರ ಇದೆ ಎನಿಸಲಿ ಎಂದು. ಬೀಗದ ಅಂಕಿಯನ್ನು ವರ್ಲ್ ಕಣ್ಣು ಮುಚ್ಚಿಕೊಂಡು ತಿರುಗಿಸಿ ಬದಲಿಸಿದ, ನೋಡದೆಯೇ ಬೀಗ ಮುಚ್ಚಿ ಚಕ್ರಗಳನ್ನು ಅಡ್ಡಾದಿಡ್ಡಿ ತಿರುಗಿಸಿದ. ಅದರ ಅಂಕಿ ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಥರ್ಲ್ ಎದ್ದು ಜೀಪಿಗೆ ಹೋದ. ಮಡಚಿದ ಅಂಗಿಗಳ ಚೀಲ ಬಾಗಿಲ ಬಳಿ ಇತ್ತು. ನಾವಿಬ್ಬರೂ ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದೆವು. ಸೀಟು ಎತ್ತಿದ. ಬಗ್ಗಿದ. ಬೆರಳು ಮೂರು ಸಲ ತಿರುಗಿತು. ಜಗ್ಗಿದ, ತೆರೆಯಲಿಲ್ಲ. ಮತ್ತೆ ತಿರುಗಿಸಿದ. ತೆರೆಯಲಿಲ್ಲ. ನಿಯೋಲಾ ನನ್ನ ಏಪ್ರನ್ನಿನ ಅಂಚನ್ನು ಹಿಡಿದುಕೊಂಡಿದ್ದಳು. ಅವನು ನೆಟ್ಟಗೆ ನಿಂತು ಬೀಗವನ್ನು ಬಹಳ ಹೊತ್ತು ನೋಡಿದ. ಆಮೇಲೆ ಎರಡು ಕೈಯಲ್ಲೂ ಹಿಡಿದು ಬಲವಾಗಿ ಜಗ್ಗಿದ. ಬೂಟಿನ ಮೂತಿಯಿಂದ ಒಂದು ಒದ್ದ. ಸೀಟು ಇಳಿಸಿ, ಕೈ ಒರೆಸಿಕೊಂಡು ಒಳಗೆ ಬಂದ.

"ಆ ಜೀಪು ಯಾರ್ದಮ್ಮ?" ಎಂದು ನಿಯೋಲಾಳನ್ನು ಕೇಳಿದ.

"ಇಲ್ಲೇ ನೆರೆಯವರದು."

"ಪೆಟ್ಟಿಗೆ ಚೆನ್ನಾಗಿ ಕೂತಿದೆ. ಯಾರ ಕೈಲೂ ತೆಗೆಯೋಕಾಗಲ್ಲ, ನಾನೇ ನೋಡ್ದೆ." ಕುರ್ಚಿ ಎಳೆದುಕೊಂಡು ಕೂತ. "ಆ ಪೆಟ್ರೋಲ್ ಬಂಕಿನ ಹುಡುಗೀಗೆ ಹೇಳ್ಕಳಿಸಿ. ಹೆದರ್ಕೋಬೇಡ, ಕೂತ್ಕೊಂಡಿರು ಅಂತ."

"ಹೇಳ್ಕಳಿಸ್ತೀನಿ," ಎಂದಳು ನಿಯೋಲಾ. ಅವನ ಮುಂದೆ ಪೀಚ್ ಹಣ್ಣಿನ ಬಟ್ಟಲು ಇಟ್ಟು, ಬಾಗಿಲ ಬಳಿಯ ಅಂಗಿಗಳ ಚೀಲವನ್ನು ಒಳಕ್ಕೆ ಒಯ್ದಳು.

ಆಮೇಲಿನ ಒಂದೂವರೆ ವರ್ಷ ದಿನವೂ ಬೆಳಿಗ್ಗೆ ಅವನು ಹೋಗಿ ಜಗ್ಗಿ ಬರುತ್ತಿದ್ದ. ಬಂದು ಅವಳಿಗೆ ಅದನ್ನೇ ಹೇಳುತ್ತಿದ್ದ, ಅವಳೂ ಅದನ್ನೇ ಹೇಳುತ್ತಿದ್ದಳು. ಅವಳ ಹೆಸರು ಅವನಿಗೆ ಕೊನೆಗೂ ಬರಲಿಲ್ಲ. ಹಾಸಿಗೆ ಹಿಡಿದ ಮೇಲೆ ಅವನ ಬದಲು ನಿಯೋಲಾಳೇ ಹೋಗುತ್ತಿದ್ದಳು. ಆ ಊದಿದ ಕೈಯಲ್ಲೇ ಜಗ್ಗಿ, ಒಳಗೆ ಬಂದು, ಅವನ ಕಿವಿಯ ಹತ್ತಿರ ಬಗ್ಗಿ "ಕೂತಿದೆ" ಎಂದು ಹೇಳುತ್ತಿದ್ದಳು.